ಆರು ವರ್ಷದ ಮಗಳಿಗೆ ಬಣ್ಣ ಹಚ್ಚಲು ಎಂಥ ಪುಟ್ಟ ಗೊಂಬೆಗಳನ್ನು ಆರಿಸಬೇಕು?

ಕೊಪ್ಪಳದ ಓದುಗಿ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಹೆಬ್ಬೆರಳಿನಷ್ಟು ಎತ್ತರದ ಯೋಧರು, ಮಾಂತ್ರಿಕರು, ಡ್ರ್ಯಾಗನ್‌ಗಳ ಮಿನಿಯೇಚರ್ ಗೊಂಬೆಗಳನ್ನು ತರಿಸಿ ಅವುಗಳಿಗೆ ಬಣ್ಣ ಹಚ್ಚುವುದು ಅವನ ಹವ್ಯಾಸ. ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ ಆರು ವರ್ಷದ ನನ್ನ ಮಗಳು ಅವನ ಮೇಜಿನ ಬದಿ ಬಿಟ್ಟು ಏಳಲಿಲ್ಲ. ಊರಿಗೆ ಮರಳಿದ ಮೇಲೆ, ಮಾಮಾನ ಹಾಗೆ ತನಗೂ ಗೊಂಬೆ ಬೇಕು, ತಾನೂ ಬಣ್ಣ ಹಚ್ಚಬೇಕು ಎಂದು ಹಟ ಹಿಡಿದಿದ್ದಾಳೆ. ಹಾಳೆಯ ಮೇಲೆ ಚಿತ್ರ ಬರೆದು ಬಣ್ಣ ತುಂಬುವ ರೂಢಿ ಅವಳಿಗೆ ಚೆನ್ನಾಗಿಯೇ ಇದೆ. ಉಬ್ಬುತಗ್ಗುಗಳಿರುವ ವಸ್ತುವಿಗೆ ಬಣ್ಣ ಹಚ್ಚಿದ ಅನುಭವ ಮಾತ್ರ ಇಲ್ಲ.

ತಮ್ಮನನ್ನು ಕೇಳಿದರೆ ತಾನು ಬಳಸುವ ಗೊಂಬೆಗಳ ಹೆಸರುಗಳನ್ನೇ ಹೇಳುತ್ತಾನೆ. ಅವುಗಳ ಮುಖ ಕಡಲೆಬೇಳೆಗಿಂತ ಚಿಕ್ಕದು. ಆರು ವರ್ಷದ ಕೈಗೆ ಅದು ಒಗ್ಗೀತೆಂದು ನನಗೆ ಅನ್ನಿಸುವುದಿಲ್ಲ. ಇಲ್ಲಿಯ ಆಟಿಕೆ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಬಣ್ಣ ಹಚ್ಚಿದ ಗೊಂಬೆಗಳೇ ಸಿಗುವಾಗ ಬಣ್ಣವಿಲ್ಲದ್ದು ಯಾಕೆ ಬೇಕೆಂದು ಅಂಗಡಿಯವರು ನನ್ನನ್ನೇ ಕೇಳಿದರು. ಮನೆಯಲ್ಲಿ ಎರಡು ವರ್ಷದ ಮಗನೂ ಇದ್ದಾನೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಮಗಳಿಗೂ ಬ್ರಷ್‌ನ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡುವ ಅಭ್ಯಾಸವಿದೆ.

ಗೊಂಬೆ ಯಾವ ಅಳತೆಯದಿರಬೇಕು, ಯಾವ ವಸ್ತುವಿನದಾದರೆ ಮಕ್ಕಳ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ನಮ್ಮ ಕಡೆ ಸಿಗುವಂಥದ್ದು ಏನಾದರೂ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಇನ್ನೊಂದು ಮಾತು: ದರೋಜಿಯ ಕರಡಿಧಾಮ ನೋಡಿ ಬಂದಂದಿನಿಂದ ಮಗಳ ಬಾಯಲ್ಲಿ ಕರಡಿಯದೇ ಮಾತು. ಕರಡಿಯ ಗೊಂಬೆ ಸಿಕ್ಕರೆ ಬೇರೆ ಏನೂ ಬೇಡವೆನ್ನುತ್ತಾಳೆ.

ಬಳ್ಳಾರಿ ಹವ್ಯಾಸಿ:

ಅಕ್ಕಾ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಿಮ್ಮ ತಮ್ಮನವರ ಬಳಿ ಇರುವುದು ಬಹುಶಃ 28 ಅಥವಾ 32 ಮಿಲಿಮೀಟರ್ ಅಳತೆಯ ಗೊಂಬೆಗಳು. ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೂ ಪಾತ್ರಾಭಿನಯದ ಆಟಗಳಿಗೂ ಬಳಕೆಯಲ್ಲಿರುವ ಅಳತೆ ಅದು. ಆ ಅಳತೆಯಲ್ಲಿ ಕಣ್ಣು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಬೆಲ್ಟು, ಗುಂಡಿ, ಚೀಲ, ಬಾಕು ಎಲ್ಲವೂ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ದೊಡ್ಡವರೇ ಭೂತಗನ್ನಡಿಯ ಕೆಳಗೆ ಉಸಿರು ಬಿಗಿಹಿಡಿದು ಮಾಡುವ ಕೆಲಸ. ಮಗುವಿನ ಬ್ರಷ್ ಬೆಲ್ಟಿಗೆಂದು ಹೋಗಿ ಅಂಗಿ, ಕೈ, ಕತ್ತಿ ಮೂರಕ್ಕೂ ತಾಗುತ್ತದೆ. ಎರಡು ಗೊಂಬೆಗಳಾಗುವಷ್ಟರಲ್ಲಿ ಮಗುವಿಗೆ ತನ್ನ ಕೈಯ ಮೇಲೆಯೇ ಬೇಸರ ಹುಟ್ಟುತ್ತದೆ.

ಆರು ವರ್ಷಕ್ಕೆ ಮೂರರಿಂದ ನಾಲ್ಕು ಅಂಗುಲ ಎತ್ತರದ, ಅಂದರೆ 75ರಿಂದ 100 ಮಿಲಿಮೀಟರಿನ ಒಂದೇ ಅಚ್ಚಿನ ಗೊಂಬೆ ಸರಿಹೋಗುತ್ತದೆ. ಬಿಡಿಭಾಗಗಳನ್ನು ಅಂಟಿಸಿ ನಿಲ್ಲಿಸಬೇಕಾದವು ಬೇಡ. ಅಳತೆಗಿಂತ ಮುಖ್ಯವಾಗಿ ನಾನು ನೋಡುವುದು ಮೈಯ ಗೀರುಗಳನ್ನು. ಕರಡಿಯ ಜೂಲು, ಆನೆಯ ಸುಕ್ಕು, ಮೊಸಳೆಯ ಬೆನ್ನು, ಡ್ರ್ಯಾಗನ್ನಿನ ಹುರುಪೆ ಇಂಥವು ಆಳವಾಗಿ ಕೊರೆದಂತಿದ್ದರೆ ಬಣ್ಣವೇ ಅರ್ಧ ಕೆಲಸ ಮಾಡಿಕೊಡುತ್ತದೆ: ನೀರಾಗಿಸಿದ ಕಂದು ಬಣ್ಣ ತಗ್ಗುಗಳಿಗೆ ತಾನಾಗಿ ಇಳಿದು ನೆರಳಾಗುತ್ತದೆ, ಒಣ ಬ್ರಷ್‌ನಲ್ಲಿ ತಿಳಿ ಬಣ್ಣ ಸವರಿದರೆ ಉಬ್ಬುಗಳ ಮೇಲಷ್ಟೇ ಕೂರುತ್ತದೆ. ಎರಡಕ್ಕೂ ಗೆರೆ ದಾಟದಂತೆ ಹಚ್ಚುವ ನಾಜೂಕು ಬೇಕಿಲ್ಲ. ನುಣುಪಾದ ಮುಖ, ನುಣುಪಾದ ಸೀರೆ ಇರುವ ಗೊಂಬೆಗಳು ನೋಡಲು ಸುಲಭವೆನಿಸಿದರೂ, ಪ್ರತಿಯೊಂದು ಗೆರೆಯನ್ನೂ ಮಗುವೇ ಎಳೆಯಬೇಕಾಗುವುದರಿಂದ ಕಷ್ಟದವೇ. ರಾಜಕುಮಾರಿಗಿಂತ ಕರಡಿ ಸುಲಭ ಎಂದರೆ ನಂಬುವವರು ಕಡಿಮೆ, ಆದರೆ ನಿಮ್ಮ ಮಗಳು ತನಗೆ ತಿಳಿಯದೆಯೇ ಸರಿಯಾದದ್ದನ್ನು ಆರಿಸಿದ್ದಾಳೆ.

ಇನ್ನು ವಸ್ತುವಿನ ಮಾತು. ಲೋಹದ ಗೊಂಬೆಗಳನ್ನು ಮನೆಯೊಳಗೆ ತರಲೇಬೇಡಿ. ಹಳೆಯ ಲೋಹದ ಸೈನಿಕರಲ್ಲಿ ಸೀಸ ಬೆರೆತಿರುತ್ತದೆ, ಈಗಿನವುಗಳಲ್ಲೂ ಎಲ್ಲವೂ ಸೀಸವಿಲ್ಲದ ಮಿಶ್ರಲೋಹವೆಂದು ಹೇಳಲಾಗುವುದಿಲ್ಲ; ಸೀಸ ಇಷ್ಟರವರೆಗೆ ಮೈಗೆ ಹೋದರೆ ಚಿಂತೆಯಿಲ್ಲ ಎನ್ನುವ ಮಿತಿಯೇ ಮಕ್ಕಳ ವಿಷಯದಲ್ಲಿ ಇಲ್ಲ. ರೆಸಿನ್, ಅಂದರೆ ದ್ರವವನ್ನು ಗಟ್ಟಿ ಮಾಡಿದ ರಾಳದ ಗೊಂಬೆಗಳು ಬಿದ್ದರೆ ಮುರಿಯುತ್ತವೆ, ಉಜ್ಜಿದರೆ ಏಳುವ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಪರಿಚಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಯಾರಾದರೂ ತ್ರೀಡಿ ಪ್ರಿಂಟರ್‌ನಲ್ಲಿ ಗೊಂಬೆ ತೆಗೆದುಕೊಡುತ್ತೇವೆಂದರೆ ಅದು ಯಾವ ಬಗೆಯದೆಂದು ಕೇಳಿಕೊಳ್ಳಿ. ದಾರದಂಥ ಪ್ಲಾಸ್ಟಿಕ್ಕನ್ನು ಕರಗಿಸಿ ಪದರಪದರವಾಗಿ ಎರೆಯುವ ಯಂತ್ರದ್ದಾದರೆ ತೊಂದರೆಯಿಲ್ಲ. ದ್ರವ ರೆಸಿನ್‌ನಿಂದ ತೆಗೆದದ್ದಾದರೆ, ತೊಳೆದು ಅತಿನೇರಳೆ ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡದೆ ಬಿಟ್ಟಲ್ಲಿ ಚರ್ಮಕ್ಕೆ ತುರಿಕೆ ತರುತ್ತದೆ.

ಅಂಗಡಿಗಳಲ್ಲಿ ಚೀಲಕ್ಕೆ ಇಪ್ಪತ್ತು ಮೂವತ್ತು ಸಿಗುವ ಹಸಿರು ಸೈನಿಕರೂ ಬೇಡ. ಅವು ಬಾಗುವ ಪಾಲಿಥೀನ್. ಬಣ್ಣ ಹಚ್ಚಿದ ದಿನ ಚೆನ್ನಾಗಿ ಕಾಣುತ್ತವೆ, ಮಗು ಹಿಡಿದು ಆಡಿದಾಗ ಬಂದೂಕಿನ ತುದಿಯಿಂದ ಬಣ್ಣ ಸಿಪ್ಪೆಯಂತೆ ಎದ್ದುಬರುತ್ತದೆ.

ಮಿನಿಯೇಚರ್ ಎಂದೇ ಮಾರುವವುಗಳಲ್ಲಿ ಆರಿಸುವುದಾದರೆ ಎರಡು ಬಗೆ ನೋಡಬಹುದು. ಕಾರ್ಖಾನೆಯಲ್ಲೇ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ತಳಪದರ, ಬಳಿದು ಕಳಿಸಿದವು ಒಂದು. ಅಮೆರಿಕದ ರೀಪರ್ ಸಂಸ್ಥೆಯ ಬೋನ್ಸ್ ಸರಣಿಯ ಹಾಗೆ ಪ್ರೈಮರ್ ಇಲ್ಲದೆಯೂ ಅಕ್ರಿಲಿಕ್ ಬಣ್ಣ ಹಿಡಿಯುವ ಪ್ಲಾಸ್ಟಿಕ್ಕಿನವು ಇನ್ನೊಂದು. ಎರಡನೆಯ ಬಗೆಯನ್ನು ಪಾತ್ರೆ ತೊಳೆಯುವ ಸಾಬೂನಿನಿಂದ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತೊಳೆದು ಒಣಗಿಸಿ, ಮೊದಲ ಪದರಕ್ಕೆ ನೀರು ಬೆರೆಸದೆ ಹಚ್ಚಬೇಕು. ನೀರು ಹೆಚ್ಚಾದರೆ ಬಣ್ಣ ಹನಿಹನಿಯಾಗಿ ಒಂದೆಡೆ ಸೇರಿಕೊಳ್ಳುತ್ತದೆ. ಇಂಥ ಸರಣಿಗಳಲ್ಲಿ ಯೋಧರನ್ನು ಬಿಟ್ಟು ದೊಡ್ಡ ಪ್ರಾಣಿಗಳನ್ನೂ ರಾಕ್ಷಸರನ್ನೂ ಹುಡುಕಿ. ಹೊರದೇಶದಿಂದ ಬರುವುದರಿಂದ ಬೆಲೆ ಹೆಚ್ಚು ಎಂಬುದಂತೂ ನಿಜ.

ನಿಮ್ಮ ಚಿಕ್ಕ ಮಗನ ಕಾರಣಕ್ಕೂ ದೊಡ್ಡ ಗೊಂಬೆಯೇ ಒಳ್ಳೆಯದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವಾಗ 31.7 ಮಿಲಿಮೀಟರ್ ಒಳವ್ಯಾಸದ ಒಂದು ಗಿಡ್ಡ ಕೊಳವೆಯೊಳಗೆ ಇಳಿಸಿ ನೋಡುತ್ತಾರೆ. ಯಾವುದೇ ಬದಿಯಿಂದ ಪೂರ್ತಿ ಒಳಗೆ ಕೂರುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದೆಂದು ಲೆಕ್ಕ. 28 ಮಿಲಿಮೀಟರಿನ ಗೊಂಬೆಗಳಲ್ಲಿ ಹೆಚ್ಚಿನವು ಅದರೊಳಗೆ ಸಲೀಸಾಗಿ ಕೂರುತ್ತವೆ.

ರಾಯಚೂರಿನ ಚಿತ್ರಕಲಾ ಶಿಕ್ಷಕ:

ಮೇಲಿನವರು ಗೊಂಬೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಗೊಂಬೆ ಯಾವುದೆಂದು ತೀರ್ಮಾನಿಸುವ ಮೊದಲು ಬಣ್ಣ ಯಾವುದೆಂದು ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಗುವಿಗೆ ಕೊಡಬಹುದಾದ ಬಣ್ಣ ಯಾವ ಮೈಗೆ ಹತ್ತುವುದಿಲ್ಲವೋ ಆ ಗೊಂಬೆ ಎಷ್ಟು ಚೆನ್ನಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಶಾಲೆಯ ಮಕ್ಕಳ ಹತ್ತಿರ ಸಾಮಾನ್ಯವಾಗಿ ಇರುವುದು ಜಲವರ್ಣದ ಬಿಲ್ಲೆಗಳು ಮತ್ತು ಪೋಸ್ಟರ್ ಬಣ್ಣಗಳು. ಬಿಲ್ಲೆಯ ಬಣ್ಣ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲುವುದೇ ಇಲ್ಲ. ಪೋಸ್ಟರ್ ಬಣ್ಣ ಮಣ್ಣು, ಮರ, ಪ್ಲಾಸ್ಟರ್ ಮೂರರ ಮೇಲೂ ಸೊಗಸಾಗಿ ಕೂರುತ್ತದೆ, ಆದರೆ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಎರಡನೆಯ ಬಣ್ಣ ಹಚ್ಚುವಾಗ ಮೊದಲನೆಯದು ಎದ್ದು ಎರಡೂ ಸೇರಿ ರಾಡಿಯಾಗುತ್ತದೆ, ಬೆವರಿನ ಕೈಯಲ್ಲಿ ಹಿಡಿದರೂ ಬೆರಳಿಗೆ ಅಂಟುತ್ತದೆ. ಹೀಗಾಗಿ ಉಳಿಯುವುದು ಅಕ್ರಿಲಿಕ್ ಒಂದೇ. ಕ್ಯಾಮ್ಲಿನ್, ಫೆವಿಕ್ರಿಲ್‌ನಂಥ ಬಣ್ಣಗಳ ಚಿಕ್ಕ ಸೀಸೆಗಳು ತಾಲ್ಲೂಕು ಕೇಂದ್ರದ ಪುಸ್ತಕದ ಅಂಗಡಿಗಳಲ್ಲೂ ಸಿಗುತ್ತವೆ. ಬಿಳಿ, ಕಪ್ಪು, ಕಂದು, ಹಳದಿ, ಕೆಂಪು, ನೀಲಿ ಇದ್ದರೆ ಸಾಕು. ಒಣಗಿದ ಅಕ್ರಿಲಿಕ್ ಬಟ್ಟೆಯಿಂದ ಹೋಗುವುದಿಲ್ಲ, ಆದ್ದರಿಂದ ಹಳೆಯ ಅಂಗಿ ತೊಡಿಸಿ ಕೂರಿಸಿ.

ಎನಾಮೆಲ್ ಬಣ್ಣ, ಟರ್ಪೆಂಟೈನ್, ಬಾಗಿಲು ಕಿಟಕಿಗೆ ಹಚ್ಚಿ ಉಳಿದ ಡಬ್ಬಿ ಇವು ಮಗುವಿನ ಹತ್ತಿರ ಸುಳಿಯಬಾರದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಅಟ್ಟದ ಮೇಲಿನ ಹಳೆಯ ಡಬ್ಬಿ ಯಾವ ಕಾಲದ್ದೋ ಹೇಳಲಾಗದು. ಸ್ಪ್ರೇ ಪ್ರೈಮರ್ ಬೇಕೇ ಬೇಕೆಂದಾದರೆ ದೊಡ್ಡವರು ಮಾಳಿಗೆಯ ಮೇಲೆ, ಗಾಳಿಗೆ ಬೆನ್ನು ಮಾಡಿ, ಮಕ್ಕಳನ್ನು ಕೆಳಗೆ ಕಳಿಸಿ ಹೊಡೆಯಬೇಕು. ಬ್ರಷ್‌ನಲ್ಲಿ ಬಳಿಯುವ ಜೆಸ್ಸೋ ಎಂಬ ಬಿಳಿ ತಳಲೇಪ ಕಲಾಸಾಮಗ್ರಿಯ ಅಂಗಡಿಯಲ್ಲಿ ಸಿಗುವಾಗ ಆ ತಾಪತ್ರಯವೇ ಬೇಡ ಎನ್ನುತ್ತೇನೆ.

ಬ್ರಷ್‌ನ ತುದಿಯನ್ನು ತುಟಿಯಲ್ಲಿ ಒತ್ತುವ ಅಭ್ಯಾಸವನ್ನು ಬಿಡಿಸಲೇಬೇಕು. ಬೈಯುವುದರಿಂದ ಅದು ಹೋಗುವುದಿಲ್ಲ. ಎಡಗೈ ಪಕ್ಕದಲ್ಲಿ ಒದ್ದೆ ಬಟ್ಟೆಯ ಮಡಿಕೆಯೊಂದನ್ನು ಇಟ್ಟು, ಅದರ ಮೇಲೆ ಬ್ರಷ್ ಹೊರಳಿಸಿ ಚೂಪು ಮಾಡುವುದನ್ನು ನೀವೇ ಮಾಡಿ ತೋರಿಸಿ. ಬ್ರಷ್ ಕೂಡ ಕೂದಲೆಳೆಯಂಥದ್ದು ಬೇಡ. ಎರಡು ಅಥವಾ ನಾಲ್ಕನೆಯ ನಂಬರಿನ ದುಂಡು ತುದಿಯ ಸಿಂಥೆಟಿಕ್ ಬ್ರಷ್ ಮತ್ತು ಒಣ ಬ್ರಷ್ ಕೆಲಸಕ್ಕೆ ಸವೆದ ಚಪ್ಪಟೆ ಬ್ರಷ್ ಒಂದಿದ್ದರೆ ಆಯಿತು.

ನಮ್ಮ ಕಡೆಯ ಬಿಸಿಲಿನ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತರೆ ಅಕ್ರಿಲಿಕ್ ತಟ್ಟೆಯಲ್ಲೇ ತೊಗಲು ಕಟ್ಟುತ್ತದೆ, ಮಗು ಯೋಚಿಸುವಷ್ಟರಲ್ಲಿ ಬ್ರಷ್ ಕಡ್ಡಿಯಾಗಿರುತ್ತದೆ. ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೆಳುವಾದ ಸ್ಪಂಜನ್ನು ನೀರಲ್ಲಿ ನೆನೆಸಿ ಹಾಸಿ, ಮೇಲೆ ಬೇಕಿಂಗ್ ಕಾಗದ ಹೊದಿಸಿ, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ಕೆಳಗಿನ ತೇವ ಕಾಗದದ ಮೂಲಕ ಏರುತ್ತಿರುವುದರಿಂದ ಬಣ್ಣ ತಾಸುಗಟ್ಟಲೆ ಹಸಿಯಾಗಿರುತ್ತದೆ, ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ. ಮೇಣ ಹಚ್ಚಿದ ಕಾಗದ ಮಾತ್ರ ಇದಕ್ಕೆ ಆಗದು, ನೀರನ್ನು ಬಿಡುವುದಿಲ್ಲ.

ಈ ಕಾರಣಗಳಿಂದಾಗಿ, ಹೊರದೇಶದ ಪ್ಲಾಸ್ಟಿಕ್ ಗೊಂಬೆಗಿಂತ ಮಣ್ಣಿನದೋ ಮರದ್ದೋ ಮೊದಲು ಕೊಡುವುದು ಲೇಸು. ಬಣ್ಣ ಜಾರುವುದಿಲ್ಲ, ಹಾಳಾದರೆ ಇನ್ನೊಂದು ತರಬಹುದು.

ಗಂಗಾವತಿಯವ:

ಕೊಪ್ಪಳದಲ್ಲಿ ಇದ್ದುಕೊಂಡು ಗೊಂಬೆ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದೀರಲ್ಲ ತಾಯೀ, ಕಿನ್ನಾಳ ನಿಮ್ಮ ತಾಲ್ಲೂಕಿನಲ್ಲೇ ಇದೆ! ತಮಾಷೆಗೆ ಹೇಳಿದೆ, ಬೇಸರಿಸಬೇಡಿ. ಕಿನ್ನಾಳದ ಗೊಂಬೆಗಳು ಬಣ್ಣ ತುಂಬಿಕೊಂಡೇ ಮಾರಾಟಕ್ಕೆ ಬರುವುದರಿಂದ ನಿಮಗೆ ಹೊಳೆಯದೆ ಇದ್ದಿರಬಹುದು.

ಅಲ್ಲಿಯ ಚಿತ್ರಗಾರರ ಕೆಲಸವನ್ನು ಹತ್ತಿರದಿಂದ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಪೊಳ್ಕಿ ಎಂಬ ಹಗುರ ಮರದ ತುಂಡುಗಳನ್ನು ಕೆತ್ತಿ ಜೋಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿಮಾಡಿದ ಸೆಣಬಿನ ಚಿಂದಿಗೆ ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದರೆ ಕಿಟ್ಟ ಎಂಬ ಮುದ್ದೆಯಾಗುತ್ತದೆ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅದೇ ಹುಣಸೆ ಅಂಟಿನಿಂದ ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಬಿಳಿ ಲೇಪ. ಈ ಲೇಪ ಒಣಗಿದ ಮೇಲೆಯೇ ಬಣ್ಣದ ಸರದಿ, ಒಡವೆಗಳನ್ನು ಅದೇ ಪುಡಿಯ ಅಂಟಿನಿಂದ ಉಬ್ಬಿಸಿ ಎಳೆಯುತ್ತಾರೆ. ಮೇಲಿನವರಿಬ್ಬರೂ ಪ್ರೈಮರ್, ಜೆಸ್ಸೋ ಎಂದು ಹೇಳಿದ ಕೆಲಸವನ್ನೇ ಈ ಬಿಳಿ ಲೇಪ ಮಾಡುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳು ತಮ್ಮ ಹಿರಿಯರ ಕೈಯವು ಎಂದು ಈ ಮನೆತನಗಳವರು ಹೇಳಿಕೊಳ್ಳುತ್ತಾರೆ.

ಹಾಗಾಗಿ ಅಲ್ಲಿಗೆ ಹೋಗಿ, ಬಿಳಿ ಲೇಪದವರೆಗೆ ಮಾಡಿ ಬಣ್ಣ ಹಚ್ಚದೆ ಬಿಟ್ಟ ಸಣ್ಣ ಪ್ರಾಣಿಯೋ ಹಣ್ಣೋ ಮಾಡಿಕೊಡುತ್ತೀರಾ ಎಂದು ಮೊದಲೇ ಕೇಳಿ, ಬೇಕಾದರೆ ಮುಂಗಡ ಕೊಟ್ಟು ಬನ್ನಿ. ಒಪ್ಪುವುದು ಬಿಡುವುದು ಕಲಾವಿದರಿಗೆ ಬಿಟ್ಟದ್ದು. ಬಣ್ಣವೇ ತಮ್ಮ ಕಸುಬಿನ ಮುಖ್ಯ ಭಾಗವಾಗಿರುವಾಗ ಅರ್ಧಕ್ಕೆ ಬಿಟ್ಟು ಕೊಡಲು ಯಾರಿಗಾದರೂ ಮನಸ್ಸು ಬಾರದಿದ್ದರೆ ಅದೂ ನ್ಯಾಯವೇ. ದಯವಿಟ್ಟು ಬಣ್ಣವಿಲ್ಲವೆಂದು ಬೆಲೆಯಲ್ಲಿ ಚೌಕಾಸಿಗೆ ಇಳಿಯಬೇಡಿ, ಕೆತ್ತನೆಯ ದುಡಿಮೆ ಅಷ್ಟೇ ಇರುತ್ತದೆ. ಮಗಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಐಎಸ್ಐ ಗುರುತಿಲ್ಲವೆಂದು ಗಾಬರಿಯಾಗಬೇಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯವಾಗಿದ್ದರೂ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಸೂಚಕ (ಒಂದು ಪ್ರದೇಶದ ವಿಶೇಷವೆಂಬ ನೋಂದಣಿ, ಜಿಐ) ಪಡೆದ ಉತ್ಪನ್ನಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಅಂಗಡಿಯಲ್ಲಿ ಕೊಳ್ಳುವ ಪ್ಲಾಸ್ಟಿಕ್ ಆಟಿಕೆಗೆ ಮಾತ್ರ ಗುರುತು ನೋಡಿಯೇ ಕೊಳ್ಳಿ.

ಇದಕ್ಕಿಂತ ಅಗ್ಗದ ದಾರಿ ಕುಂಬಾರರ ಮನೆಯದು. ಮಣ್ಣೆತ್ತಿನ ಅಮವಾಸ್ಯೆ ಬಂದಾಗ ಜೋಡಿ ಎತ್ತು, ಗೋದಲಿ ತರುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಪೂಜೆಗೆಂದು ತಂದದ್ದನ್ನು ಬಿಟ್ಟು ಇನ್ನೆರಡು ಜೋಡಿ ಹೆಚ್ಚಿಗೆ ಕೇಳಿ ತನ್ನಿ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಮೈಗೆ ಚಿತ್ತಾರ ಹಾಕಿದ್ದನ್ನು ಹದಿನೈದು ದಿನದ ಹಿಂದಷ್ಟೇ ಮಗು ನೋಡಿರುತ್ತದೆ, ಹೇಗೆ ಹಚ್ಚಬೇಕೆಂದು ಹೇಳಿಕೊಡುವ ಪ್ರಮೇಯವೇ ಬರುವುದಿಲ್ಲ. ಆದರೆ ಈ ಎತ್ತುಗಳು ಸುಡದ ಹಸಿಮಣ್ಣಿನವಾದರೆ ನೀರು ತಾಗಿದಲ್ಲಿ ಕರಗುತ್ತವೆ. ನೆರಳಿನಲ್ಲಿ ನಾಲ್ಕೈದು ದಿನ ಒಣಗಲು ಬಿಟ್ಟು, ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು ಬೆರೆಸಿ, ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕದೆ ಒಮ್ಮೆ ಸವರಿ. ಅದು ಒಣಗಿದ ಮೇಲೆ ಅಕ್ರಿಲಿಕ್ ಹಚ್ಚಿದರೆ ಏನೂ ಆಗುವುದಿಲ್ಲ. ಬಿಸಿಲಿಗಿಟ್ಟರೆ ಕೋಡಿನ ಬುಡದಲ್ಲೇ ಮೊದಲು ಸೀಳು ಬಿಡುತ್ತದೆ. ಕಣ್ಣಿಗೆ ಗುಲಗಂಜಿ ಒತ್ತಿದ್ದರೆ ಕಿತ್ತು ಜೋಳದ ಕಾಳು ಕೂರಿಸಿ, ಗುಲಗಂಜಿಯನ್ನು ಅಗಿದು ನುಂಗಿದರೆ ವಿಷ, ಮನೆಯಲ್ಲಿ ಚಿಕ್ಕವನಿದ್ದಾನೆಂದು ಬರೆದಿದ್ದೀರಿ.

ಚೌತಿಗೆ ಸಿಗುವ ಬಣ್ಣವಿಲ್ಲದ ಮಣ್ಣಿನ ಪುಟ್ಟ ಗಣಪತಿಯನ್ನೂ ಮಕ್ಕಳು ಇಷ್ಟಪಡುತ್ತಾರೆ. ಅದನ್ನು ನೀರಿಗೆ ಬಿಡುವುದಾದರೆ ಅಕ್ರಿಲಿಕ್ ಬೇಡ, ಅದು ಒಣಗಿದರೆ ಪ್ಲಾಸ್ಟಿಕ್ಕೇ. ಅರಿಸಿನ, ಸುಣ್ಣ, ಕೆಮ್ಮಣ್ಣಿನಲ್ಲೇ ಮುಗಿಸಿ.

ಹೊಸಪೇಟೆ ರಸ್ತೆ:

ಮೂವರ ಮಾತುಗಳೂ ಚೆನ್ನಾಗಿವೆ, ಆದರೆ ಒಂದು ವಿಷಯಕ್ಕೆ ನನ್ನ ಆಕ್ಷೇಪವಿದೆ. ಹುಡುಗಿ ಕೇಳಿದ್ದು ಮಾಮಾನ ಹತ್ತಿರ ಇರುವಂಥ ಗೊಂಬೆಯನ್ನು. ನಾವೆಲ್ಲ ಸೇರಿ ಅವಳಿಗೆ ಎತ್ತು, ಗಣಪತಿ, ಮರದ ಹಣ್ಣು ಕೊಡುತ್ತಿದ್ದೇವೆ. ಮಕ್ಕಳಿಗೆ ಸುಲಭವಾದದ್ದನ್ನು ಕೊಟ್ಟಾಗ ಅದು ಸುಲಭವೆಂದು ಅವರಿಗೆ ಗೊತ್ತಾಗದೆ ಇರುವುದಿಲ್ಲ, ಮತ್ತು ದೊಡ್ಡವರ ಹವ್ಯಾಸದಲ್ಲಿ ತಮಗೆ ಪಾಲಿಲ್ಲವೆಂಬ ಸಿಟ್ಟು ಬೇರೆ. ನನ್ನ ತಂಗಿಯ ಮಗನಿಗೆ ದೊಡ್ಡ ದೊಡ್ಡ ಮರದ ಗೊಂಬೆಗಳನ್ನು ತಂದುಕೊಟ್ಟಾಗ, ಇವು ಪಾಪುವಿನ ಗೊಂಬೆಗಳು ಎಂದು ತಿರುಗಿಯೂ ನೋಡಲಿಲ್ಲ. ಬೆರಳುದ್ದದ ಡ್ರ್ಯಾಗನ್ ಒಂದಕ್ಕೆ ಕಣ್ಣು, ಬಾಯಿ, ರೆಕ್ಕೆ ಎಲ್ಲವನ್ನೂ ನೇರಳೆ ಬಣ್ಣದಲ್ಲಿ ಮುಳುಗಿಸಿ ಅದನ್ನೇ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ.

ಬಣ್ಣ ಗೆರೆ ದಾಟಿದರೆ ದಾಟಲಿ. ಸೀಸವಿಲ್ಲದ, ನುಂಗಲಾಗದ ಗೊಂಬೆಯೆಂಬ ಎರಡು ಷರತ್ತನ್ನು ಬಿಟ್ಟರೆ ಉಳಿದದ್ದನ್ನು ಹುಡುಗಿಯೇ ಆರಿಸಬೇಕು. ಮೂರು ನಾಲ್ಕು ಗೊಂಬೆಗಳ ಚಿತ್ರ ಮುಂದಿಟ್ಟು ಕೇಳಿ.

ಬಳ್ಳಾರಿ ಹವ್ಯಾಸಿ:

ಹೊಸಪೇಟೆಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಯಾವ ಪ್ರಾಣಿ, ಯಾವ ಪಾತ್ರ ಎಂಬುದನ್ನು ಹುಡುಗಿಯೇ ಹೇಳಲಿ. ಅಳತೆಯನ್ನು ಮಾತ್ರ ದೊಡ್ಡವರು ಹೇಳಬೇಕು. ಮುಳುಗಿಸಿದ ನೇರಳೆ ಡ್ರ್ಯಾಗನ್ನನ್ನು ಪ್ರೀತಿಸುವ ಮಕ್ಕಳು ಇರುವ ಹಾಗೆಯೇ, ಮಾಮಾನದಕ್ಕೆ ಹೋಲಿಸಿ ನೋಡಿ ಅಳುವ ಮಕ್ಕಳೂ ಇರುತ್ತಾರೆ. ಈ ಹುಡುಗಿ ಮಾಮಾನ ಮೇಜಿನ ಬದಿಯಲ್ಲಿ ಕೂತು ನೋಡಿದವಳು, ಚೆನ್ನಾಗಿ ಆದದ್ದು ಹೇಗಿರುತ್ತದೆಂದು ಅವಳಿಗೆ ಗೊತ್ತಿದೆ. ಮಾಮಾನದೇ ಒಂದು ಹಳೆಯ 28 ಮಿಲಿಮೀಟರಿನ ಪ್ಲಾಸ್ಟಿಕ್ ಗೊಂಬೆಯನ್ನು ದೊಡ್ಡ ಗೊಂಬೆಯ ಜೊತೆ ಕೊಟ್ಟರೆ ಇಬ್ಬರ ಮಾತೂ ನಡೆದಂತಾಗುತ್ತದೆ. ಮನೆಯ ಚಿಕ್ಕವನು ಮಲಗಿರುವಾಗ ಹಚ್ಚಿ, ಮುಗಿದ ಕೂಡಲೇ ಎತ್ತಿಡಲಿ.

ಕೊಪ್ಪಳದ ಓದುಗಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಮಗಳ ಮುಂದೆ ಚಿತ್ರಗಳನ್ನಿಟ್ಟು ಕೇಳಿದೆ. ಎತ್ತೂ ಇರಲಿ, ಕರಡಿ ಬೇಕೇ ಬೇಕು ಎಂದಳು. ಕಿನ್ನಾಳಕ್ಕೆ ಮುಂದಿನ ವಾರ ಹೋಗುವುದೆಂದು ಮಾಡಿದ್ದೇವೆ, ನಾಲ್ಕು ಅಂಗುಲದ ಕರಡಿಯೊಂದನ್ನು ಬಿಳಿ ಲೇಪದವರೆಗೆ ಮಾಡಿಕೊಡಲು ಕೇಳಬೇಕೆಂದಿದ್ದೇನೆ. ಅಲ್ಲಿ ಆಗದಿದ್ದರೆ ತಮ್ಮನೇ ಪ್ಲಾಸ್ಟಿಕ್ಕಿನ ದೊಡ್ಡ ಕರಡಿ ತರಿಸುತ್ತಾನೆ. ಕರಡಿ ಪೂರ್ತಿ ಕಪ್ಪು ಪ್ರಾಣಿ. ಕಪ್ಪು ಬಳಿದುಬಿಟ್ಟರೆ ಕೆಲಸ ಐದು ನಿಮಿಷಕ್ಕೆ ಮುಗಿದು, ಗೊಂಬೆ ಇದ್ದಿಲಿನ ಉಂಡೆಯಂತೆ ಕಾಣುವುದಿಲ್ಲವೇ ಎಂಬ ಒಂದು ಚಿಂತೆ ಉಳಿದಿದೆ.

ಬಳ್ಳಾರಿ ಹವ್ಯಾಸಿ:

ಬರಿಯ ಕಪ್ಪು ಬಳಿದರೆ ಹಾಗೆಯೇ ಕಾಣುತ್ತದೆ, ಜೂಲಿನ ಗೀರುಗಳೆಲ್ಲ ಮುಚ್ಚಿಹೋಗುತ್ತವೆ. ಮೊದಲು ಗೊಂಬೆಯ ಅಡಿಯನ್ನು ಹಳೆಯ ಔಷಧದ ಸೀಸೆಯ ಮುಚ್ಚಳದ ಮೇಲೆ ಎರಡು ಬದಿಯ ಅಂಟುಪಟ್ಟಿಯಿಂದ ಕೂರಿಸಿ. ಸೀಸೆಯನ್ನೇ ಹಿಡಿಯಾಗಿ ಮಾಡಿಕೊಂಡು ತಿರುಗಿಸಿದರೆ ಹಸಿ ಬಣ್ಣಕ್ಕೆ ಬೆರಳು ತಾಗುವುದಿಲ್ಲ. ಕಪ್ಪಿಗೆ ಒಂದಿಷ್ಟು ಕಂದು, ಚೂರು ಬಿಳಿ ಸೇರಿಸಿ, ಕಪ್ಪಗಿದ್ದೂ ಕಪ್ಪಲ್ಲದ ಒಂದು ಬಣ್ಣ ಮಾಡಿ ಮೈಗೆಲ್ಲ ಹಚ್ಚಲಿ. ಅದು ಒಣಗಿದ ಮೇಲೆ ಕಪ್ಪನ್ನು ನೀರಾಗಿಸಿ ಮೇಲಿನಿಂದ ಹರಿಯಬಿಟ್ಟರೆ ಗೀರುಗಳೊಳಗೆ ಇಳಿಯುತ್ತದೆ. ಹೊಟ್ಟೆಯಡಿ ಹನಿ ನಿಂತರೆ ಒಣ ಬ್ರಷ್ ತಾಗಿಸಿ ಹೀರಿ ತೆಗೆಯಬೇಕು.

ಮೂರನೆಯದನ್ನು ಮಗಳು ಬಹಳ ಇಷ್ಟಪಡುತ್ತಾಳೆ. ಸವೆದ ಚಪ್ಪಟೆ ಬ್ರಷ್‌ಗೆ ತಿಳಿ ಕಂದು ತೆಗೆದುಕೊಂಡು, ಹಳೆಯ ಬಟ್ಟೆಯ ಮೇಲೆ ಇನ್ನೇನೂ ಉಳಿದಿಲ್ಲ ಎನ್ನುವವರೆಗೆ ಒರೆಸಿ, ಜೂಲಿಗೆ ಅಡ್ಡಲಾಗಿ ಹಗುರವಾಗಿ ಆಡಿಸಿದರೆ, ಒಂದೊಂದು ಕೂದಲಿನ ಅಂಚೂ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಕೊನೆಗೆ ದರೋಜಿಯಲ್ಲಿ ನೋಡಿದ್ದನ್ನು ನೆನಪು ಮಾಡಿಕೊಡಿ. ನಮ್ಮ ಕರಡಿಯ ಮೂತಿ ಉದ್ದ, ಮಾಸಲು ಬಿಳಿ. ಎದೆಯ ಮೇಲೆ ಕೆನೆಬಣ್ಣದ ಹಾರದಂಥ ಗುರುತು, ಉಗುರುಗಳೂ ತಿಳಿ ಬಣ್ಣದವು. ಮೂರನ್ನೂ ಬಿಳಿಗೆ ಚೂರು ಹಳದಿ, ಚೂರು ಕಂದು ಸೇರಿಸಿ ದುಂಡು ಬ್ರಷ್‌ನಲ್ಲಿ ಹಚ್ಚಬಹುದು. ಕಣ್ಣಿಗೆ ಬ್ರಷ್ ಬೇಡ, ಹಲ್ಲುಕಡ್ಡಿಯ ತುದಿಯಿಂದ ಒಂದು ಚುಕ್ಕೆ ಇಡಲಿ.

ಕಿನ್ನಾಳದವರು ಒಪ್ಪಿದರೆ, ಕೆತ್ತುವಾಗ ಅಥವಾ ಕಿಟ್ಟ ಮೆತ್ತುವಾಗ ಜೂಲಿನ ಗೆರೆಗಳನ್ನು ಆಳವಾಗಿ ಎಳೆಯಲು ಈಗಲೇ ಹೇಳಿಡಿ. ನುಣುಪಾಗಿ ಮಾಡಿ ಮುಗಿಸಿದರೆ ಮೇಲೆ ಹೇಳಿದ ಎರಡನೆಯದೂ ಮೂರನೆಯದೂ ನಡೆಯುವುದಿಲ್ಲ. ಬಿಳಿ ಲೇಪ ನೀರು ಹೀರುವ ಬಗೆಯದಾದ್ದರಿಂದ ಬಣ್ಣವನ್ನು ಮೊದಲ ಸಲ ಕೊಂಚ ಗಟ್ಟಿಯಾಗಿಯೇ ಹಚ್ಚಿ.

ಗಂಗಾವತಿಯವ:

ಹೋಗುವ ಮುನ್ನ ಕರಡಿಯ ಒಂದು ಚಿತ್ರವನ್ನು ಮುಂದಿನಿಂದ, ಒಂದನ್ನು ಪಕ್ಕದಿಂದ ಮುದ್ರಿಸಿಕೊಂಡು ಹೋಗಿ. ಬರೀ ಕರಡಿ ಎಂದರೆ ಜಾಂಬವಂತನನ್ನು ಕಿರೀಟ ಸಮೇತ ಮಾಡಿಕೊಟ್ಟಾರು.